ಬೆಕ್ಕಿಗೆ ಹೇಳಿದ ಮಾತು

ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ, ಹಬೆಯ ಯಂತ್ರಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು ಊರವರ ಬಟ್ಟೆಯ ಕಲೆ ತೆಗೆಯುವುದು ಅವಳ ಕೆಲಸ. ರಕ್ತವಾದರೆ ತಣ್ಣೀರು, ಎಣ್ಣೆಯಾದರೆ ಪುಡಿ, ಶಾಯಿಯಾದರೆ ದೇವರೇ ಗತಿ. ಯಾರು ಎಲ್ಲಿ ಏನು ಚೆಲ್ಲಿಕೊಂಡರು ಅನ್ನುವುದು ಅವರ ಹೆಂಡತಿಯರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಬಾಯಿ ಬಿಡುವ ಪೈಕಿ ಅವಳಲ್ಲ. ಕೆಲಸಕ್ಕೆ ಕತ್ತು ಬಗ್ಗಿಸಿದಳೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಲೆ ಎತ್ತುವವಳಲ್ಲ. ಅಂಗಡಿಯ ಮಾಲೀಕ ಇದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದ. ಅಂಗಡಿಯಲ್ಲಿ ಹೌದು, ಅದು ಗುಣವೇ.

ಮನೆಯಲ್ಲಿದ್ದವರು ಮೂವರು: ಅವಳು, ಅವಳ ಅತ್ತಿಗೆ, ಒಂದು ಬೆಕ್ಕು. ಅಣ್ಣ ಇದ್ದಾಗ ನಾಲ್ವರು. ಒಂದು ಮಧ್ಯಾಹ್ನ ಅಣ್ಣ ಎದೆ ಹಿಡಿದುಕೊಂಡು, “ಗ್ಯಾಸ್ ಇರ್ಬೇಕು ಬಿಡು” ಅಂದ. ಅತ್ತಿಗೆ ಅದನ್ನು ನಂಬಿ, ಒಂದು ಲೋಟ ಬಿಸಿನೀರು ಕುಡಿಸಿ ಮಲಗಿಸಿದಳು. ಅವನು ಏಳಲಿಲ್ಲ. ಹೆಣ ಇನ್ನೂ ಮನೆಯಲ್ಲಿರುವಾಗಲೇ, ಬಂದ ಜನರೆಲ್ಲರ ಎದುರಿಗೆ, ಈ ಬಾಯಿ ಬಿಡದ ನಾದಿನಿ ಬಾಯಿ ಬಿಟ್ಟಳು. “ಅತ್ತಿಗೆ, ನೀವೇ ಕೊಂದ್ರಿ ನಮ್ಮಣ್ಣನ್ನ” ಅಂದಳು. ಅಷ್ಟು ಸಿಟ್ಟಿನಲ್ಲೂ ಬಹುವಚನ ಬಿಟ್ಟಿರಲಿಲ್ಲ. ಬಹುವಚನ ತಗೊಂಡು ಏನು ಮಾಡುವುದು? ಅತ್ತಿಗೆ ಅವತ್ತು ಮುಚ್ಚಿದ ಬಾಯಿಯನ್ನು ನಾದಿನಿಯ ಮುಂದೆ ಮತ್ತೆ ತೆರೆಯಲಿಲ್ಲ. ನಾದಿನಿಯೂ ಅತ್ತಿಗೆಯ ಮುಖ ನೋಡುವುದನ್ನು ಬಿಟ್ಟಳು. ನೋಡಿದರೆ ಅಂದ ಮಾತು ನೆನಪಾಗುತ್ತಿತ್ತು; ಆ ಮಾತನ್ನು ವಾಪಸು ತಗೊಳ್ಳುವಷ್ಟು ದೊಡ್ಡ ಮನಸ್ಸೂ ಅವಳಿಗಿರಲಿಲ್ಲ, ಮತ್ತೊಮ್ಮೆ ಹೇಳುವಷ್ಟು ಧೈರ್ಯವೂ ಇರಲಿಲ್ಲ.

ತಮಾಷೆಯೆಂದರೆ ಈ ಅತ್ತಿಗೆಯ ಹೊಟ್ಟೆಪಾಡೇ ಮಾತು. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗುವವಳು. ಯಾವ ಬಸ್ಸು ಯಾವ ಕಡೆ, ಯಾವುದು ತಡ, ಯಾರ ಮಗು ಕಳೆದುಹೋಗಿದೆ, ಎಲ್ಲ ಅವಳ ಗಂಟಲಿನಿಂದಲೇ ಊರಿಗೆ ಗೊತ್ತಾಗಬೇಕು. ದಿನವಿಡೀ ಸಾವಿರ ಜನಕ್ಕೆ ದಾರಿ ಹೇಳಿ ಬಂದು, ಮನೆಯ ಹೊಸ್ತಿಲು ದಾಟುತ್ತಲೇ ಮೂಕಿ.

ಹಾಗಾದರೆ ಬೇರೆ ಮನೆ ಮಾಡಬಾರದಿತ್ತೇ ಅಂತ ನೀವು ಕೇಳಬಹುದು. ಮಾಡಬಹುದಿತ್ತು. ಆದರೆ ದೊರೆಯನ್ನು ಯಾರು ಕರೆದೊಯ್ಯುವುದು? ದೊರೆ ಅಂದರೆ ಬೆಕ್ಕು. ಅಣ್ಣ ಎಲ್ಲಿಂದಲೋ ಅಂಗೈಯಷ್ಟಿದ್ದಾಗ ತಂದು, ತನ್ನ ತಟ್ಟೆಯಲ್ಲೇ ತಿನ್ನಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಬೆಳೆಸಿದ ಕೆಂಚು ಗಂಡುಬೆಕ್ಕು. ಅವನು ಬಿಟ್ಟುಹೋದದ್ದರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಅತ್ತಿಗೆಗೆ ಅದು ಮಗ, ನಾದಿನಿಗೆ ಅಣ್ಣನ ಮಗ. ಇಬ್ಬರೂ ಬಿಟ್ಟುಕೊಡುವವರಲ್ಲ. ಹಾಗಾಗಿ ಎರಡು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ಹಾವು ಮುಂಗುಸಿಯ ಹಾಗೆ ಒಟ್ಟಿಗೇ ಉಳಿದರು.

ಒಂದೇ ಸೂರಿನ ಕೆಳಗೆ ಮಾತೇ ಇಲ್ಲದೆ ಎಷ್ಟು ದಿನ ನಡೆದೀತು? ನೀರು ನಿಂತರೆ ಹೇಳಬೇಕು, ಬಾಡಿಗೆ ಕೇಳಲು ಮನೆ ಮಾಲೀಕರು ಬಂದರೆ ಹೇಳಬೇಕು. ಮೊದಲು ಶುರು ಮಾಡಿದ್ದು ಅತ್ತಿಗೆ. ಒಂದು ಬೆಳಿಗ್ಗೆ ಬೆಕ್ಕಿನ ಕಡೆ ತಿರುಗಿ, “ದೊರೆ, ನಿಮ್ಮತ್ತೆಗೆ ಹೇಳಪ್ಪ, ಗೀಸರ್ ಕೆಟ್ಟಿದೆ, ತಣ್ಣೀರಲ್ಲೇ ಸ್ನಾನ ಮಾಡ್ಬೇಕು ಅಂತ” ಅಂದಳು. ಪಕ್ಕದ ಕೋಣೆಯಿಂದ ನಾದಿನಿ, “ದೊರೆ, ನಿಮ್ಮಮ್ಮನಿಗೆ ಹೇಳು, ರಿಪೇರಿಯವನಿಗೆ ಅತ್ತೆ ಆಗ್ಲೇ ಫೋನ್ ಮಾಡಿದಾಳೆ ಅಂತ” ಅಂದಳು. ದೊರೆ ಕಿವಿ ತುರಿಸಿಕೊಂಡ. ಅವತ್ತಿನಿಂದ ಅದೇ ರೂಢಿಯಾಯಿತು. ಒಳ್ಳೆಯದೂ ಕೆಟ್ಟದ್ದೂ, ಕುಹಕವೂ ಕಾಳಜಿಯೂ ಎಲ್ಲ ಬೆಕ್ಕಿನ ತಲೆಯ ಮೇಲಿಂದಲೇ ಹೋಗುತ್ತಿತ್ತು. ಬೆಕ್ಕಿಗೆ ಹೇಳಿದ್ದಕ್ಕೆ ಆ ಕಡೆಯಿಂದ ಬೆಕ್ಕಿಗೇ ಉತ್ತರ ಬಂದರೆ ಹೌದು, ಬರದಿದ್ದರೆ ಇಲ್ಲ. ಇಷ್ಟೇ ಕಾನೂನು. ಮೂರು ವರ್ಷ ಇದರಲ್ಲೇ ಸಂಸಾರ ಮಾಡಿದರು, ನಗಬೇಡಿ.

ಕಾಯಿಲೆ ಬಂದದ್ದು ಮೊದಲು ನಾದಿನಿಯ ಕಣ್ಣಿಗೆ ಬಿತ್ತು. ದೊರೆ ನೀರಿನ ಬೋಗುಣಿ ಬಿಟ್ಟು ಏಳುತ್ತಿರಲಿಲ್ಲ. ಉಚ್ಚೆ ಹೊಯ್ಯುವ ಮರಳಿನ ಟ್ರೇ ಸಂಜೆಯೊಳಗೆ ಕೆಸರಾಗುತ್ತಿತ್ತು. ಒಂದು ಸಲ ಹೊರಗೆ ಬಿದ್ದ ನಾಲ್ಕು ಹನಿ ಒಣಗಿದ ಮೇಲೆ ಅವಳ ಬರಿಗಾಲಿಗೆ ಅಂಟಿತು. ಬಗ್ಗಿ ಬೆರಳಿಟ್ಟು ನೋಡಿದಳು. ಷರಟಿನ ಮೇಲೆ ಷರಬತ್ತು ಚೆಲ್ಲಿದರೆ ಹೀಗೆಯೇ ಬಿರುಸಾಗುತ್ತದೆ, ಹೀಗೆಯೇ ಅಂಟುತ್ತದೆ. ಅಷ್ಟರಲ್ಲಿ ಗೋಡೆಯಿಂದ ಇರುವೆಯ ಸಾಲೂ ಹೊರಟಿತ್ತು. ದಿನಕ್ಕೆ ನಾಲ್ಕು ಸಲ ತಿಂದರೂ ದೊರೆಯ ಬೆನ್ನೆಲುಬು ಎಣಿಸುವ ಹಾಗಿತ್ತು. ಹಿಂಗಾಲನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ, ಮುದುಕರು ಚಪ್ಪಲಿ ಎಳೆದ ಹಾಗೆ ನಡೆಯುತ್ತಿದ್ದ.

ಪ್ರಾಣಿವೈದ್ಯರ ಬಳಿಗೆ ಇಬ್ಬರೂ ಹೋದರು, ಒಂದೇ ಟ್ಯಾಕ್ಸಿಯಲ್ಲಿ, ಮಧ್ಯೆ ದೊರೆಯ ಬುಟ್ಟಿ ಇಟ್ಟುಕೊಂಡು. ಡಾಕ್ಟರಮ್ಮ ರಕ್ತ ನೋಡಿ, “ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ. ಮನೇಲಿ ಕೊಡೋರು ಯಾರು?” ಅಂದರು.

“ನಾನು” ಅಂದಳು ಅತ್ತಿಗೆ. “ನಾನು” ಅಂದಳು ನಾದಿನಿ. ಮೂರು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಅಂದ ಮಾತು ಅದೊಂದೇ.

ಡಾಕ್ಟರಮ್ಮ ನಕ್ಕು, “ಇಬ್ಬರೂ ಕಲೀರಿ, ಒಳ್ಳೇದೇ” ಅಂತ ಹೇಳಿ ತೋರಿಸಿಕೊಟ್ಟರು. ಸೀಸೆಯನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಮೊದಲು ಅವನು ತಿನ್ನಬೇಕು, ಆಮೇಲೆ ಸೂಜಿ. ಹೆಗಲ ಮೇಲಿನ ಸಡಿಲ ಚರ್ಮವನ್ನು ಗುಡಾರದ ಹಾಗೆ ಎತ್ತಿ ಅದರ ಬುಡಕ್ಕೆ ಚುಚ್ಚಬೇಕು. ತೂಕಡಿಸಿದರೆ, ತೂರಾಡಿದರೆ, ಜೊಲ್ಲು ಸುರಿಸಿದರೆ ಒಸಡಿಗೆ ಸಕ್ಕರೆ ಪಾಕ ಸವರಿ ಓಡಿಬರಬೇಕು. ಕೊನೆಗೆ ಬೆರಳೆತ್ತಿ ಹೇಳಿದರು: “ಒಂದು ಹೊತ್ತು ತಪ್ಪಿದ್ರೆ ಏನೂ ಆಗಲ್ಲ. ಆದ್ರೆ ಒಂದೇ ಹೊತ್ತಿಗೆ ಎರಡು ಸಲ ಬಿತ್ತೋ, ಈ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇಲ್ಲ. ಅನುಮಾನ ಬಂದ್ರೆ ಒಬ್ಬರನ್ನೊಬ್ಬರು ಕೇಳ್ಕೊಳ್ಳಿ. ಅಷ್ಟೇ.”

ಅಷ್ಟೇ! ಡಾಕ್ಟರಮ್ಮನಿಗೆ ಪಾಪ ಏನು ಗೊತ್ತು.

ಬೆಳಗಿನದು ನಾದಿನಿಗೆ, ಸಂಜೆಯದು ಅತ್ತಿಗೆಗೆ ಎಂದಾಯಿತು. ಅದೂ ದೊರೆಯ ಮೂಲಕವೇ ತೀರ್ಮಾನವಾಯಿತು. ಸೂಜಿ ಚುಚ್ಚಿದವರು ಗಟ್ಟಿಯಾಗಿ ಅವನಿಗೆ ಹೇಳುವುದು: “ಆಯ್ತಲ್ಲಪ್ಪ ನಿಂದು, ಅತ್ತೆ ಚುಚ್ಚಿಬಿಟ್ಲು.” ಆ ಕಡೆಯಿಂದ, “ಜಾಣ ನನ್ ಮಗ, ಅಳ್ಲಿಲ್ಲ” ಅಂತ ಬರಬೇಕು. ಬಂದರೆ ತಲುಪಿತೆಂದು ಲೆಕ್ಕ. ರೇಷ್ಮೆಯ ಎಳೆ ಹರಿಯದ ಹಾಗೆ ಕಲೆ ತೆಗೆಯುವ ನಾದಿನಿಯ ಕೈ ಮೊದಮೊದಲು ಒಂದು ಬೆಕ್ಕಿನ ಚರ್ಮಕ್ಕೆ ಹೆದರಿತು. ಆಮೇಲೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ಆ ಹೊತ್ತು ಅವಳಿಗೆ ಇಷ್ಟವೇ ಆಗತೊಡಗಿತು. ದೊರೆ ಬೋಗುಣಿ ನೆಕ್ಕುತ್ತಿರುವಾಗ ಪಕ್ಕ ಕೂತು, ಸೂಜಿ ಒಳಗಿಳಿಸಿ, ಅವನ ಕಿವಿಯ ಬುಡ ಕೆರೆದು, ಒಳಗಿನಿಂದ ಅತ್ತಿಗೆಯ “ಜಾಣ ನನ್ ಮಗ” ಕೇಳುವುದು. ಒಂದು ಮನುಷ್ಯಜೀವ ತನಗೆ ಉತ್ತರ ಕೊಡುತ್ತಿದೆ ಅನ್ನಿಸುವ ಹೊತ್ತು ಇಡೀ ದಿನದಲ್ಲಿ ಅದೊಂದೇ ಇತ್ತು. ದೊರೆ ಸ್ವಲ್ಪ ಮೈ ತುಂಬಿಕೊಂಡ. ಕುರ್ಚಿ ಹತ್ತುವಷ್ಟಾದ. ಅವನು ಉಳಿದರೆ ಸಾಕು, ಬಾಕಿ ಎಲ್ಲ ಹೀಗೇ ನಡೆಯಲಿ ಅಂತ ನಾದಿನಿ ಅಂದುಕೊಳ್ಳುತ್ತಿದ್ದಳು.

ಬಸ್ಸುಗಳ ಸಮಯವೆಲ್ಲ ಅದಲು ಬದಲಾದ ವಾರ ಬಂತು. ಅತ್ತಿಗೆ ಎರಡು ಪಾಳಿಯೂ ಕೂತು ಕೂಗಿ ಕೂಗಿ ಬಂದಳು. ಸಂಜೆ ಅವಳ “ಆಯ್ತಪ್ಪ ದೊರೆ” ಒರಟಾಗಿ ಕೇಳಿತು. ನಾದಿನಿ ಅದನ್ನು ಸಿಡುಕು ಅಂದುಕೊಂಡಳು. ಬೆಳಿಗ್ಗೆ ತಾನು ಕಸದ ಬುಟ್ಟಿಯ ವಿಚಾರದಲ್ಲಿ ಬೆಕ್ಕಿನ ಮುಂದೆ ನಾಲ್ಕು ಮಾತು ಆಡಿದ್ದಕ್ಕೆ ಮುಖ ಊದಿಸಿಕೊಂಡಿದ್ದಾಳೆ ಎಂದು ಬಗೆದಳು. ಗಂಟಲು ಕಟ್ಟಿದ್ದು ಯಾವುದು, ಮುನಿಸು ಯಾವುದು ಅಂತ ಆ ಮನೆಯಲ್ಲಿ ಯಾರು ತಾನೇ ಹೇಳಬಲ್ಲರು?

ಮಾರನೆಯ ದಿನ ಹಬೆಯ ಯಂತ್ರ ನೋಡುವವನು ಬರುತ್ತಾನೆಂದು ಮಾಲೀಕ ನಾದಿನಿಗೆ ಮುಂಚಿತವಾಗಿ ಬರಲು ಹೇಳಿದ್ದ. ಅವಳು ರಾತ್ರಿ ಊಟ ಮಾಡುತ್ತಲೇ, “ದೊರೆ, ನಾಳೆ ಬೆಳಗಿನ ಸೂಜಿ ನಿಮ್ಮಮ್ಮನೇ ಕೊಡ್ಲಿ. ಅತ್ತೆ ಬೇಗ ಹೊರಡ್ತಾಳೆ” ಅಂದಳು. ಒಳಗೆ ಒಂದು ಕೆಮ್ಮು ಕೇಳಿತು, ಉತ್ತರ ಬರಲಿಲ್ಲ. ಬೆಳಿಗ್ಗೆ ಹೊರಡುವಷ್ಟರಲ್ಲಿ ಮಾಲೀಕನ ಫೋನು: ಯಂತ್ರದವನು ಬರುವುದಿಲ್ಲ, ಎಂದಿನ ಹೊತ್ತಿಗೇ ಬಂದರೆ ಸಾಕು. ಸರಿ, ನಿಧಾನವಾಗಿ ಸ್ನಾನಕ್ಕೆ ಹೋದಳು.

ತಲೆ ಒರೆಸಿಕೊಳ್ಳುತ್ತ ಬಂದಾಗ ದೊರೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಬೋಗುಣಿಯಲ್ಲಿ ಊಟ ಅರ್ಧ ಉಳಿದಿತ್ತು.

“ಏನೋ ದೊರೆ, ಅಮ್ಮ ಸೂಜಿ ಕೊಟ್ಲಾ?” ಅಂತ ಕೇಳಿದಳು, ಒಳಕೋಣೆಗೆ ಕೇಳುವಷ್ಟು ಗಟ್ಟಿಯಾಗಿ.

ಉತ್ತರವಿಲ್ಲ.

“ಕೊಟ್ಲೇನೋ?”

ಇಲ್ಲ. ಉತ್ತರ ಬರದಿದ್ದರೆ ಇಲ್ಲ ಎಂದೇ ಕಾನೂನು. ರಾತ್ರಿ ಹೇಳಿದ್ದಕ್ಕೂ ಉತ್ತರ ಬಂದಿರಲಿಲ್ಲವಲ್ಲ. ‘ನನ್ನ ಮೇಲಿನ ಸಿಟ್ಟನ್ನ ಈ ಮೂಕಪ್ರಾಣಿ ಮೇಲೆ ತೀರಿಸ್ಕೋತಾಳಲ್ಲ’ ಅಂತ ನಾದಿನಿಗೆ ಮೈಯೆಲ್ಲ ಉರಿಯಿತು. ಫ್ರಿಜ್ಜಿನ ಬಾಗಿಲಿನಿಂದ ಸೀಸೆ ತೆಗೆದಳು, ಅಂಗೈಯಲ್ಲಿ ಹೊರಳಿಸಿದಳು, ಸೂಜಿ ತುಂಬಿಸಿ ಕತ್ತು ಬಗ್ಗಿಸಿ ಕೂತಳು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆಯ ಪಾದ ಕಾಣಿಸಿತು. ಬರಿಗಾಲು, ಹೆಬ್ಬೆರಳ ಉಗುರು ಸೀಳಿದ್ದು. ನಾದಿನಿ ಪಾದ ನೋಡಿದಳು; ಅದರ ಮೇಲಕ್ಕೆ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಫಟಾರನೆ ಹೊಡೆದ ಸದ್ದಾಯಿತು. ಇನ್ನೊಮ್ಮೆ ಆಯಿತು. ‘ಹೊಡಿ, ಬಾಗಿಲು ಮುರೀಲಿ’ ಅಂದುಕೊಂಡು, ಹಠದಿಂದಲೇ, ದೊರೆಯ ಹೆಗಲ ಚರ್ಮ ಎತ್ತಿ ಚುಚ್ಚಿದಳು.

ಆಮೇಲೆ ಅತ್ತಿಗೆ ಓಡಿಬಂದು ಅವಳ ಮುಂಗೈ ಹಿಡಿದಳು. ಮೂರು ವರ್ಷದಿಂದ ಮುಟ್ಟದ ಕೈ. ನಾದಿನಿ ಬೆಂಕಿ ತಾಗಿದ ಹಾಗೆ ಕೊಡವಿಕೊಂಡಳು. “ದೊರೆ, ನಿಮ್ಮಮ್ಮನಿಗೆ ಹೇಳು, ನನ್ ಮೈ ಮುಟ್ಬೇಡ ಅಂತ” ಅಂದವಳೇ ಚೀಲ ಎತ್ತಿಕೊಂಡಳು. ಬಳಸಿದ ಸೂಜಿ ಹಾಕುವ ತಗಡಿನ ಡಬ್ಬವನ್ನು ಹಿಂದೆ ಅತ್ತಿಗೆ ಗಲಗಲ ಅಲ್ಲಾಡಿಸುವುದು ಕೇಳಿಸಿತು. ಮೆಟ್ಟಿಲಲ್ಲಿ ಚಪ್ಪಾಳೆ ಹೊಡೆಯುವುದೂ ಕೇಳಿಸಿತು. ತಿರುಗಿ ನೋಡಲಿಲ್ಲ. ಈಗ ಹುಚ್ಚೇ ಹಿಡಿಯಿತು ಇವಳಿಗೆ ಅಂದುಕೊಂಡು ಬೀದಿಗಿಳಿದಳು.

ಅಂಗಡಿಯಲ್ಲಿ ಯಾರದೋ ಮದುವೆಯ ಕೋಟಿನ ತೋಳಿಗೆ ಬಿದ್ದ ಮೇಣ ಕೆರೆಯುತ್ತಿದ್ದಾಗ ಮಾಲೀಕ ಫೋನು ತಂದುಕೊಟ್ಟ. ಡಾಕ್ಟರಮ್ಮ. “ನಿಮ್ಮತ್ತಿಗೆ ಬಂದಿದಾರೆ. ಅವರಿಗೆ ಸ್ವರಾನೇ ಇಲ್ಲ, ಒಂದಕ್ಷರ ಆಡಕ್ಕಾಗ್ತಿಲ್ಲ. ನನಗೆ ಫೋನ್ ಮಾಡಿದ್ರಂತೆ, ಯಾರೂ ಮಾತಾಡ್ತಿಲ್ಲ ಅಂತ ನಾನೇ ಕಟ್ ಮಾಡಿಬಿಟ್ಟೆ. ನಾನು ಕ್ಲಿನಿಕ್ ಬಾಗಿಲು ತೆಗೆಯೋವರೆಗೂ ಮೆಟ್ಟಿಲ ಮೇಲೆ ಬೆಕ್ಕನ್ನ ತೊಡೆ ಮೇಲಿಟ್ಕೊಂಡು ಕೂತಿದ್ರು. ಚೀಟಿ ಕೊಟ್ರು, ‘ಎರಡು ಸಲ ಆಯ್ತು’ ಅಂತಿದೆ. ಬೇಗ ಬನ್ನಿ.”

ತಾನು ಸ್ನಾನಕ್ಕೆ ಹೋಗಿದ್ದಾಗಲೇ ಅತ್ತಿಗೆ ಸೂಜಿ ಕೊಟ್ಟಾಗಿತ್ತೆಂದು ನಾದಿನಿಗೆ ಹೊಳೆಯಿತು. ಫಟಾರನೆ ಹೊಡೆದ ಸದ್ದು, ಡಬ್ಬದ ಸದ್ದು, ಚಪ್ಪಾಳೆ, ಒಂದೊಂದಕ್ಕೂ ಈಗ ಅರ್ಥ ಬಂತು. ಏಪ್ರನ್ ಬಿಚ್ಚದೆಯೇ ಓಡಿದಳು.

ದೊರೆ ಮೇಜಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದ. ಮುಂಗಾಲಿಗೆ ಗ್ಲೂಕೋಸಿನ ನಳಿಗೆ ಕಟ್ಟಿದ್ದರು. ನಾಲ್ಕೂ ಕಾಲು ಈಜುವ ಹಾಗೆ ಒಂದೇ ಸಮನೆ ಆಡುತ್ತಿದ್ದವು, ಕಣ್ಣು ತೆರೆದೇ ಇತ್ತು. ಅತ್ತಿಗೆಯ ಸೆರಗಿನ ಮೇಲೆಲ್ಲ ಸಕ್ಕರೆ ಪಾಕ ಸುರಿದು ಅಂಟಾಗಿತ್ತು. ದಾರಿಯುದ್ದಕ್ಕೂ ಬೆರಳಿನಿಂದ ಸವರುತ್ತಲೇ ಬಂದಿದ್ದಳು. ಹಲ್ಲು ಕಚ್ಚಿಕೊಂಡಿದ್ದ ಬಾಯೊಳಗೆ ಹೋದದ್ದು ಎಷ್ಟೋ, ಹೊರಗೆ ಚೆಲ್ಲಿದ್ದು ಎಷ್ಟೋ. ಮಧ್ಯಾಹ್ನದ ಹೊತ್ತಿಗೆ ಕಾಲಾಡುವುದು ನಿಂತಿತು. ನಾದಿನಿಗೆ ಒಂದು ಗಳಿಗೆ ಆಸೆ ಹುಟ್ಟಿತು. ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನಳಿಗೆ ಬಿಚ್ಚಿದರು.

“ಮೊದಲೇ ಬಡಕಲು ಜೀವ” ಅಂದರು. ಕೈ ತೊಳೆದು ಬಂದು, ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು: “ಮನೇಲಿ ಇರೋದೇ ನೀವಿಬ್ಬರು. ಒಂದು ಮಾತು ಕೇಳ್ಕೊಳ್ಳಕ್ಕೆ ಆಗ್ಲಿಲ್ವಾ?”

“ಅವರಿಗೆ ಗಂಟಲು ಕಟ್ಟಿತ್ತು” ಅಂದಳು ನಾದಿನಿ.

“ನಿಮಗೆ?”

ದೊರೆಯನ್ನು ಅಲ್ಲಿಯೇ ಹಿಂದಿನ ಖಾಲಿ ಜಾಗದಲ್ಲಿ ಹೂಳಿ, ಬರಿ ಬುಟ್ಟಿ ಹೊತ್ತು ಇಬ್ಬರೂ ಮನೆಗೆ ನಡೆದರು, ಒಬ್ಬರ ಹಿಂದೆ ಒಬ್ಬರು.

ಆಮೇಲಿನ ದಿನಗಳನ್ನು ಬಣ್ಣಿಸಲು ಏನಿದೆ? ಆ ಮನೆಯಲ್ಲಿ ಮಾತಿಗೆ ದಾರಿಯೇ ಇರಲಿಲ್ಲ. ಗ್ಯಾಸ್ ಮುಗಿದರೆ ಮುಗಿಯಿತು. ಯಾರೂ ಯಾರಿಗೂ ಹೇಳಲಿಲ್ಲ, ಇಬ್ಬರೂ ಹೊರಗೆ ತಿಂದು ಬಂದರು. ಮಹಡಿಯ ಮೇಲಿನ ಟ್ಯಾಂಕಿಯಿಂದ ನೀರು ಉಕ್ಕಿ ಹರಿಯುವುದು ಇಬ್ಬರಿಗೂ ಕೇಳಿಸುತ್ತಿತ್ತು, ಇಬ್ಬರೂ ಸುಮ್ಮನಿರುತ್ತಿದ್ದರು. ನಾದಿನಿ ಒಂದಕ್ಕಾಗಿ ಕಾಯುತ್ತಿದ್ದಳು. ಗಂಟಲು ಸರಿಹೋದ ದಿನ ಅತ್ತಿಗೆ ಬಂದು ಎದುರಿಗೆ ನಿಂತು, ‘ನೀನೇ ಕೊಂದೆ’ ಅಂತ ಅನ್ನಬೇಕು. ಅಂದುಬಿಟ್ಟರೆ ಸಾಕು. ಬೈಗುಳವಾದರೂ ಸರಿ, ಅದು ನೇರವಾಗಿ ತನಗೇ ಬಂದ ಮಾತಾಗುತ್ತದೆ. ಅತ್ತಿಗೆ ಅನ್ನಲಿಲ್ಲ. ಅವಳ ಗಂಟಲು ಸರಿಹೋಗಿದೆ ಎಂಬುದು ನಾದಿನಿಗೆ ಗೊತ್ತಾದದ್ದು ಬೀದಿಯಲ್ಲಿ. ಅಂಗಡಿ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಆ ದನಿ ಕೇಳಿ ಹಾಗೇ ನಿಂತುಬಿಟ್ಟಳು.

ಮಾರನೆಯ ದಿನ ಒಳಗೆ ಹೋಗಿ ವಿಚಾರಣೆ ಕಿಟಕಿಯ ಸಾಲಿನಲ್ಲಿ ನಿಂತಳು. ಮುಂದೆ ಹೆಂಗಸೊಬ್ಬಳು, ಅವಳ ಮುಂದೆ ಟ್ರಂಕು ಹೊತ್ತ ಮುದುಕ. ಅವಳ ಸರದಿ ಬಂತು. ಗಾಜಿನಲ್ಲಿ ಕೈ ತೂರುವಷ್ಟು ತೂತು. ಅವಳು ಆ ತೂತನ್ನೇ ನೋಡುತ್ತ ನಿಂತಳು.

“ಹೇಳಿ, ಎಲ್ಲಿಗೆ?” ಅಂದಿತು ದನಿ.

“ಅತ್ತಿಗೆ, ನಾನು ತಲೆ ಎತ್ತಿ ನೋಡ್ಬೇಕಿತ್ತು” ಅಂದಳು ನಾದಿನಿ. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋಗಿ ಇದೊಂದೇ ಉಳಿದಿತ್ತು. “ನೀವು ಬಾಗಿಲಲ್ಲೇ ನಿಂತಿದ್ರಿ.”

ಹಿಂದೆ ಯಾರೋ, “ಅಮ್ಮಾ, ಬಸ್ಸು ಹೊರಡ್ತಿದೆ, ಬೇಗ ಕೇಳಿ” ಅಂತ ಗೊಣಗಿದರು.

“ಜನ ನಿಂತಿದಾರೆ” ಅಂದಳು ಅತ್ತಿಗೆ ಕೊನೆಗೆ. “ಮನೇಲಿ ಹೇಳು.”

ನಾದಿನಿ ಮನೆಗೆ ಹೋಗಿ ದೀಪ ಹಾಕಿ ಅಡುಗೆಮನೆಯಲ್ಲಿ ಕೂತಳು. ಅತ್ತಿಗೆ ಬಂದಳು, ಚೀಲ ಇಟ್ಟಳು, ಎದುರಿನ ಕುರ್ಚಿ ಎಳೆದು ಕೂತಳು. ಕಾದಳು. ನಾದಿನಿ ಬಾಯಿ ತೆರೆದಳು. ಮೂರು ವರ್ಷದ ಅಭ್ಯಾಸ, ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ನೆಲದ ಮೇಲೆ ಯಾರೂ ಇರಲಿಲ್ಲ.

“ಇಲ್ಲಿ ನೋಡೇ” ಅಂದಳು ಅತ್ತಿಗೆ.

ನಾದಿನಿ ತಲೆ ಎತ್ತಿದಳು. ಅತ್ತಿಗೆಗೆ ಎಷ್ಟು ವಯಸ್ಸಾಗಿಬಿಟ್ಟಿತ್ತು! ಕೂದಲು ಪೂರಾ ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಒಂದೇ ಮನೆಯಲ್ಲಿದ್ದುಕೊಂಡು ತಾನು ಇದ್ಯಾವುದನ್ನೂ ಕಂಡಿರಲಿಲ್ಲವೆಂದು ಅವಳಿಗೆ ಸಂಕಟವಾಯಿತು.

“ನಿಮ್ಮಣ್ಣನ ವಿಷ್ಯ ನಂಗೆ ಗೊತ್ತಿಲ್ಲ ಕಣೇ” ಅಂದಳು ಅತ್ತಿಗೆ. ದನಿ ಇನ್ನೂ ಸೀಳುಸೀಳಾಗಿತ್ತು. “ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೋ ಏನೋ. ಮಲಗಿದಾಗೆಲ್ಲ ಅದನ್ನೇ ಯೋಚಿಸ್ತೀನಿ. ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ನೀನು ಗೊತ್ತಿರೋಳ ಹಾಗೆ ಅಂದ್ಬಿಟ್ಟೆ. ನಾನು ಆವತ್ತು ಬಾಗಿಲಿಂದ ಎರಡು ಹೆಜ್ಜೆ ಇಟ್ಟು ನಿನ್ ಕೈ ಹಿಡೀಬೋದಿತ್ತು. ಇವಳನ್ನ ಯಾಕೆ ಮುಟ್ಲಿ ಅಂತ ನಿಂತೆ. ಬಾಗಿಲಿಗೆ ಹೊಡ್ಕೊಂಡು ನಿಂತೆ. ಅವ್ರದ್ದು ಯಾರಿಗೂ ಗೊತ್ತಿಲ್ಲ. ಇವನದ್ದು ಮಾತ್ರ ನಮ್ಮಿಬ್ಬರಿಗೂ ಗೊತ್ತು.”

“ಹೂಂ” ಅಂದಳು ನಾದಿನಿ. ಕಣ್ಣು ಕೆಳಗಿಳಿಸಬೇಕೆನ್ನಿಸಿತು. ಇಳಿಸಲಿಲ್ಲ.